ಬೆಟ್ಟ ಇಳಿದರೆ ಕಡಲು, ಕಡಲಿಗಿಳಿದರೂ ಬೆಟ್ಟ

ಬೆಳಿಗ್ಗೆ ಎಂಟೂವರೆ. ವಿಂಡ್‌ವರ್ಡ್‌ಸೈಡ್ ಎಂಬ ಪುಟ್ಟ ಊರಿನ ಇಕ್ಕಟ್ಟು ಬೀದಿಗೆ ವ್ಯಾನೊಂದು ಬಂದು ನಿಲ್ಲುತ್ತದೆ. ಹೆಗಲಿಗೆ ಬಲೆಚೀಲ, ತೋಳಿನ ಮೇಲೆ ಕಪ್ಪು ರಬ್ಬರ್ ಸೂಟು ಇಳಿಬಿಟ್ಟುಕೊಂಡ ಏಳೆಂಟು ಮಂದಿ ಹತ್ತಿ ಕೂರುತ್ತಾರೆ. ರಾತ್ರಿಯ ಮೋಡ ಇನ್ನೂ ಪೂರ್ತಿ ಎದ್ದಿಲ್ಲ. ದಾಸವಾಳದ ಬೇಲಿಯಿಂದ ಹನಿ ತೊಟ್ಟಿಕ್ಕುತ್ತಿದೆ. ಬಿಳಿ ಗೋಡೆ, ಕೆಂಪು ಮಾಡು, ಹಸಿರು ಕಿಟಕಿಯ ಮನೆಗಳನ್ನು ದಾಟಿ ಮೊದಲ ತಿರುವಿಗೆ ಬರುತ್ತಿದ್ದಂತೆ ರಸ್ತೆಯ ಒಂದು ಮಗ್ಗುಲಲ್ಲಿ ನೆಲವೇ ಇಲ್ಲ. ಗಿಡ್ಡ ಕಲ್ಲಿನ ಗೋಡೆ, ಅದರಾಚೆ ಗಾಳಿ, ಅದರ ಕೆಳಗೆ ಎಲ್ಲೋ ನೀಲಿ.

ಇವರೆಲ್ಲ ಹೊರಟಿರುವುದು ಸಮುದ್ರದ ಒಳಗನ್ನು ನೋಡಲು. ಆದರೆ ನೀರು ಮುಟ್ಟುವ ಮೊದಲೇ ಸುಮಾರು 400 ಮೀಟರ್ ಇಳಿಯಬೇಕು. ತಿರುವಿನ ಮೇಲೆ ತಿರುವು, ಕಿವಿ ಗುಂಯ್‌ಗುಡುತ್ತದೆ. ನಡುವೆ ಸೇಂಟ್ ಜಾನ್ಸ್ ಎಂಬ ಹಳ್ಳಿ, ಆಮೇಲೆ ದಿ ಬಾಟಮ್ ಎಂಬ ರಾಜಧಾನಿ, ಅಲ್ಲಿಂದ ಇನ್ನೂ ಕಡಿದಾದ ಇಳಿಜಾರು. ಕೊನೆಗೆ ಫೋರ್ಟ್ ಬೇ ಎಂಬ ಸಣ್ಣ ಧಕ್ಕೆ. ದೋಣಿ ಕಾದಿದೆ.

ಕೆರಿಬಿಯನ್ ಎಂದೊಡನೆ ನಮ್ಮ ತಲೆಗೆ ಬರುವುದು ಕ್ರಿಕೆಟ್ಟು, ತೆಂಗಿನಮರ, ಬಿಳಿ ಮರಳು. ಸೇಬಾ ದ್ವೀಪದಲ್ಲಿ ಆ ಮರಳು ಇಲ್ಲ. 13 ಚದರ ಕಿಲೋಮೀಟರ್ ವಿಸ್ತೀರ್ಣ, ಎರಡು ಸಾವಿರದ ಆಸುಪಾಸು ಜನ, ನಾಲ್ಕು ಹಳ್ಳಿ, ಒಂದೇ ಮುಖ್ಯ ರಸ್ತೆ. ಆದರೂ ಡೈವಿಂಗ್ ಗೊತ್ತಿರುವವರ ನಡುವೆ ಈ ಹೆಸರು ಬಂದರೆ ಮಾತು ಮುಂದುವರಿಯುತ್ತದೆ. ಯಾಕೆ ಎಂಬುದಕ್ಕೆ ಉತ್ತರ ಆ ಇಳಿಜಾರಿನಲ್ಲಿದೆ. ಇಲ್ಲಿ ರಸ್ತೆ, ವಿಮಾನ, ಹೊಟ್ಟೆಪಾಡು, ಮೀನು, ಕಾಯಿದೆ ಎಲ್ಲವನ್ನೂ ತೀರ್ಮಾನಿಸಿರುವುದು ಆ ಕಡಿದಾದ ಬೆಟ್ಟವೇ.

ನೀರಿಗೆ ಮುಟ್ಟಿಯೂ ಮುಗಿಯದ ಬೆಟ್ಟ

ಸೇಬಾ ಎಂದರೆ ಒಂದು ಜ್ವಾಲಾಮುಖಿಯ ತಲೆ. ವಯಸ್ಸು ಐದು ಲಕ್ಷ ವರ್ಷದೊಳಗೆ. ಭೂವಿಜ್ಞಾನದ ಲೆಕ್ಕದಲ್ಲಿ ಇನ್ನೂ ಎಳೆಯದು. ಹಾಗಾಗಿ ಮಳೆ, ಅಲೆಗಳು ಅದನ್ನು ಸವೆಸಿ ತಗ್ಗಿಸಿ ಸುತ್ತ ಮರಳಿನ ಅಂಚು ಕಟ್ಟುವಷ್ಟು ಕಾಲ ಆಗಿಲ್ಲ. ಕೊನೆಯ ಸ್ಫೋಟ ಆದದ್ದು 1640ಕ್ಕೆ, ಅಂದರೆ ಡಚ್ಚರು ಇಲ್ಲಿ ನೆಲೆಯೂರುವುದಕ್ಕೆ, ಸ್ವಲ್ಪ ಮೊದಲು ಎಂಬ ಅಂದಾಜಿದೆ. ಬೆಟ್ಟ ಈಗ ನಿದ್ದೆಯಲ್ಲಿದೆ, ಸತ್ತಿಲ್ಲ. ಪಶ್ಚಿಮದ ಲ್ಯಾಡರ್ ಬೇ ಬಳಿ ನೀರಿನಡಿಯ ಮರಳಿಗೆ ಕೈ ತೂರಿಸಿದರೆ ಕೆಲವು ಕಡೆ ಬೆಚ್ಚಗಿರುತ್ತದೆ. ಡೈವಿಂಗ್ ಗೈಡುಗಳು ಹೊಸಬರಿಗೆ ತಪ್ಪದೆ ತೋರಿಸುವ ಜಾಗ ಅದು: ಗ್ಲೋವ್ಸ್ ಇಲ್ಲದ ಬರಿಗೈ ಬೆರಳು ಹಳದಿ ಮರಳಿನೊಳಗೆ ಹೋಗುತ್ತದೆ, ಮುಖವಾಡದ ಹಿಂದೆ ಕಣ್ಣು ಅಗಲವಾಗುತ್ತದೆ.

ಬೆಟ್ಟದ ತುದಿ ಮೌಂಟ್ ಸೀನರಿ ಸುಮಾರು 880 ಮೀಟರ್. ಇಡೀ ನೆದರ್ಲೆಂಡ್ಸ್ ರಾಜ್ಯದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಯುರೋಪಿನ ನೆದರ್ಲೆಂಡ್ಸ್‌ನ ಅತಿ ಎತ್ತರದ ಗುಡ್ಡ 322 ಮೀಟರ್ ದಾಟಿದರೆ ಹೆಚ್ಚು. ಸಮುದ್ರಮಟ್ಟಕ್ಕಿಂತ ಕೆಳಗೆ ಒಡ್ಡು ಕಟ್ಟಿಕೊಂಡು ಬದುಕುವ ದೇಶದ ಅತ್ಯುನ್ನತ ಶಿಖರ ಅಟ್ಲಾಂಟಿಕ್‌ನ ಆಚೆಗೆ, ಎರಡು ಸಾವಿರ ಜನರ ಸುಪರ್ದಿಯಲ್ಲಿದೆ.

ರಾಜ್ಯ ಡಚ್ಚರದಾದರೂ ಮನೆಮಾತು ಇಂಗ್ಲಿಷು. ಮೊದಲ ವಲಸಿಗರಲ್ಲಿ ಇಂಗ್ಲಿಷ್, ಸ್ಕಾಟಿಷ್, ಐರಿಷ್ ಮೂಲದವರು ಬಹಳ. ಗುಲಾಮರಾಗಿ ತಂದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳೂ ಅದೇ ಮಾತನ್ನು ತಮ್ಮದಾಗಿಸಿಕೊಂಡರು. ಗುಲಾಮಗಿರಿ ಕೊನೆಯಾದದ್ದು 1863ರ ಜುಲೈ 1ರಂದು. ಕಬ್ಬು ಬೆಳೆಯಲು ಸಪಾಟು ನೆಲವೇ ಇಲ್ಲದ ಕಾರಣ ದೊಡ್ಡ ತೋಟಗಳ ಆಟ ಇಲ್ಲಿ ನಡೆಯಲಿಲ್ಲ. 2010ರ ಅಕ್ಟೋಬರ್ 10ರಂದು ನೆದರ್ಲೆಂಡ್ಸ್ ಆಂಟಿಲೀಸ್ ಎಂಬ ಒಕ್ಕೂಟ ವಿಸರ್ಜನೆಯಾದಾಗ ಬೊನೇರ್, ಸಿಂಟ್ ಯುಸ್ಟೇಷಿಯಸ್ ಜತೆಗೆ ಸೇಬಾ ನೇರವಾಗಿ ನೆದರ್ಲೆಂಡ್ಸ್‌ನ ವಿಶೇಷ ಪುರಸಭೆಯಾಯಿತು. ಯೂರೊ ಬರಲಿಲ್ಲ, 2011ರಿಂದ ಅಂಗಡಿಯಲ್ಲಿ ಓಡುವುದು ಅಮೆರಿಕದ ಡಾಲರ್.

ಅಂಚೆಯಲ್ಲಿ ಕಲಿತ ಎಂಜಿನಿಯರ್

ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಸೇಬಾಕ್ಕೆ ಬರುವುದೆಂದರೆ ಹತ್ತುವುದು. ಲ್ಯಾಡರ್ ಬೇ ಎಂಬಲ್ಲಿ ಬಂಡೆಯಲ್ಲೇ ಕಡಿದ ಸುಮಾರು 800 ಮೆಟ್ಟಿಲು. ದೋಣಿಯಿಂದ ಕಲ್ಲಿನ ಮೇಲೆ ಹಾರಿ, ಅಲೆ ಹಿಂದಕ್ಕೆ ಸೆಳೆಯುವ ಮೊದಲು ಕಾಲೂರಿ, ಆಮೇಲೆ ತಲೆಯ ಮೇಲೆ ಹೊರೆ. ಹಿಟ್ಟಿನ ಮೂಟೆ, ಮರದ ಹಲಗೆ, ಕಬ್ಬಿಣದ ಹಾಸಿಗೆ ಎಲ್ಲ ಹೀಗೆಯೇ ಮೇಲೇರಿದವು. ಪಿಯಾನೊ ಹೊತ್ತ ಕತೆಯನ್ನು ದ್ವೀಪದವರು ಈಗಲೂ ಹೇಳುತ್ತಾರೆ. ಮೆಟ್ಟಿಲುಗಳ ನಡುವೆ ಪಾಳುಬಿದ್ದ ಹಳೆಯ ಸುಂಕದ ಕಟ್ಟೆ ಇನ್ನೂ ನಿಂತಿದೆ. ಮೇಲಿನಿಂದ ಕಲ್ಲು ಉರುಳಿಸಿದರೆ ಸಾಕು, ದಾಳಿಕೋರ ದಂಡು ದಿಕ್ಕಾಪಾಲು. ಹಾಗೆ ಓಡಿಸಿದ್ದೂ ಉಂಟು.

ಈ ನೆಲದಲ್ಲಿ ಗಂಡಸರಿಗೆ ಸಿಗುತ್ತಿದ್ದ ಕೆಲಸ ಹಡಗಿನದು. ತಿಂಗಳುಗಟ್ಟಲೆ ಊರಲ್ಲಿ ಹೆಂಗಸರೇ. ಕ್ಯಾರಕಾಸ್‌ನ ಕಾನ್ವೆಂಟಿನಲ್ಲಿ ಕಲಿತು ಬಂದ ಗರ್ಟ್ರೂಡ್ ಜಾನ್ಸನ್ ಎಂಬಾಕೆ 19ನೆಯ ಶತಮಾನದ ಕೊನೆಯ ಭಾಗದಲ್ಲಿ ದಾರ ಎಳೆದು ಗಂಟು ಕಟ್ಟುವ ಲೇಸ್ ಕಸೂತಿಯನ್ನು ಇವರಿಗೆ ಹೇಳಿಕೊಟ್ಟರು. ಅಂಚೆ ಸೌಕರ್ಯ ಬಂದದ್ದೇ ತಡ, ಅಮೆರಿಕದ ವ್ಯಾಪಾರಿಗಳ ವಿಳಾಸ ಹುಡುಕಿ ಹುಡುಕಿ ಪತ್ರ ಬರೆದು ಆರ್ಡರ್ ಹಿಡಿದರು. ಸಮುದ್ರ ದಾಟಲು ಹಗುರವಾದ, ಕೆಡದ, ಒಡೆಯದ ಸರಕು ಬೇಕಿತ್ತು. ಲೇಸ್ ಅದಕ್ಕೆ ಹೇಳಿ ಮಾಡಿಸಿದ್ದು.

ಹಳ್ಳಿಯಿಂದ ಹಳ್ಳಿಗೆ ಕಾಲುದಾರಿಯೇ ಗತಿ. ರಸ್ತೆ ಮಾಡಲು ಸಾಧ್ಯವೇ ಎಂದು ಬಂದು ನೋಡಿದ ಎಂಜಿನಿಯರುಗಳು ಆಗದು ಎಂದು ಹೇಳಿ ಹೋದರು. ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಸ್ಥಳೀಯರಿಗೆ ಅದು ಒಪ್ಪಿಗೆಯಾಗಲಿಲ್ಲ. ಅಂಚೆ ಮೂಲಕ ಸಿವಿಲ್ ಎಂಜಿನಿಯರಿಂಗ್ ಕೋರ್ಸಿಗೆ ಸೇರಿದರು, ಪಾಠ ಓದಿದರು, 1938ರಲ್ಲಿ ಕೆಲಸ ಶುರುಮಾಡಿದರು. ದೊಡ್ಡ ಯಂತ್ರವಿಲ್ಲ, ಗುದ್ದಲಿ, ಸುತ್ತಿಗೆ, ತಳ್ಳುಗಾಡಿ, ಊರವರ ರಟ್ಟೆ. ಫೋರ್ಟ್ ಬೇಯಿಂದ ದಿ ಬಾಟಮ್‌ವರೆಗಿನ ಮೊದಲ ತುಂಡು ಮುಗಿದದ್ದು 1943ರಲ್ಲಿ. ಮೊದಲ ಮೋಟಾರು ವಾಹನ ಬಂದದ್ದು 1947ರಲ್ಲಿ. ರಸ್ತೆ ವಿಂಡ್‌ವರ್ಡ್‌ಸೈಡ್ ಮುಟ್ಟಲು 1951 ಆಯಿತು. ವಿಮಾನ ಪಟ್ಟಿಯ ತನಕ ಪೂರ್ತಿಯಾಗಲು ಒಟ್ಟಾರೆ ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು.

ಆ ರಸ್ತೆಯ ಹೆಸರು ಇವತ್ತಿಗೂ ಬರೀ ‘ದಿ ರೋಡ್’. ಇನ್ನೊಂದಿದ್ದರೆ ತಾನೆ ಬೇರೆ ಹೆಸರು ಬೇಕು.

400 ಮೀಟರ್

ವಿಮಾನದ ಕತೆ ಬೇಗ ಮುಗಿಯುತ್ತದೆ, ರನ್‌ವೇಯ ಹಾಗೆ. ದ್ವೀಪದ ಈಶಾನ್ಯ ಮೂಲೆಯಲ್ಲಿ ಹಿಂದೆಂದೋ ಲಾವಾ ಹರಿದು ಗಟ್ಟಿಯಾದ ಫ್ಲ್ಯಾಟ್ ಪಾಯಿಂಟ್ ಎಂಬ ಚಾಚು ಇದೆ. ಇದ್ದ ಸಪಾಟು ಜಾಗ ಅದೊಂದೇ. ಊರಿನವರು ಕಲ್ಲು ಹೆಕ್ಕಿ ಸಮ ಮಾಡಿಕೊಟ್ಟ ಪಟ್ಟಿಯ ಮೇಲೆ 1959ರಲ್ಲಿ ಸೇಂಟ್ ಬಾರ್ತ್ ದ್ವೀಪದ ಪೈಲಟ್ ರೆಮಿ ದ ಹೇನನ್ ಮೊದಲು ಇಳಿದರು. 1963ರಲ್ಲಿ ನಿಲ್ದಾಣ ಉದ್ಘಾಟನೆಯಾಯಿತು. ಉದ್ದ 400 ಮೀಟರ್, ವಾಣಿಜ್ಯ ವಿಮಾನಗಳು ಇಳಿಯುವ ರನ್‌ವೇಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು. ಎರಡೂ ತುದಿಗೆ ಕಡಿದಾದ ಬಂಡೆ, ಕೆಳಗೆ ಕಡಲು. ಜೆಟ್ ಮಾತೇ ಇಲ್ಲ. ಚಿಕ್ಕ ಜಾಗದಲ್ಲಿ ಇಳಿದು ಏರಬಲ್ಲ ವಿನೇರ್ ಕಂಪನಿಯ ಟ್ವಿನ್ ಆಟರ್ ವಿಮಾನ ನೆರೆಯ ಸಿಂಟ್ ಮಾರ್ಟನ್ ದ್ವೀಪದಿಂದ ಹದಿನೈದು ನಿಮಿಷದೊಳಗೆ ತಂದಿಳಿಸುತ್ತದೆ. ಇಂಟರ್ನೆಟ್‌ನಲ್ಲಿ ಇದರ ವಿಡಿಯೊಗಳಿಗೆ ಸಿಗುವ ಪ್ರಚಾರ ನೋಡಿದರೆ ದ್ವೀಪಕ್ಕೆ ಬೇರೇನೂ ಇಲ್ಲವೇನೋ ಅನಿಸಬೇಕು.

ಪರಿಣಾಮ ಮಾತ್ರ ಗಮನಿಸಬೇಕಾದ್ದು. ದೊಡ್ಡ ವಿಮಾನ ಇಳಿಯದು, ಆಳವಾದ ಬಂದರಿಲ್ಲದೆ ಭಾರಿ ಕ್ರೂಸ್ ಹಡಗು ನಿಲ್ಲದು. ಪ್ರವಾಸಿಗರು ಡಜನ್ ಲೆಕ್ಕದಲ್ಲಿ ಬರುತ್ತಾರೆ, ಸಾವಿರದ ಲೆಕ್ಕದಲ್ಲಲ್ಲ.

ಸೂಜಿಯ ಮೊನೆ

ಈಗ ದೋಣಿಗೆ ಮರಳೋಣ. ಪಶ್ಚಿಮ ದಂಡೆಯಿಂದ ತುಸು ದೂರ, ಮೇಲ್ನೋಟಕ್ಕೆ ಏನೂ ಇಲ್ಲದ ನೀರಿನಲ್ಲಿ ಒಂದು ತೇಲುಬುರುಡೆ. ದೋಣಿಯವನು ಕೊಕ್ಕೆಕೋಲಿನಿಂದ ಅದರ ಹಗ್ಗ ಎಳೆದು ಕಟ್ಟುತ್ತಾನೆ. ಲಂಗರು ಹಾಕುವುದಿಲ್ಲ. ಡೈವರುಗಳು ಆ ಹಗ್ಗದ ಗುಂಟ ಇಳಿಯುತ್ತಾರೆ. ಹತ್ತು ಮೀಟರ್, ಇಪ್ಪತ್ತು ಮೀಟರ್, ಇನ್ನೂ ನೀಲಿಯೇ. ಸುಮಾರು ಮೂವತ್ತರ ಹತ್ತಿರ ಕಾಲಡಿಗೆ ಒಂದು ಬಂಡೆಯ ನೆತ್ತಿ ಕಾಣುತ್ತದೆ. ಇದು ಥರ್ಡ್ ಎನ್‌ಕೌಂಟರ್.

ಅಲ್ಲಿಂದ ಗೈಡ್ ಬಂಡೆ ಬಿಟ್ಟು ತೆರೆದ ನೀಲಿಯತ್ತ ಈಜುತ್ತಾನೆ. ಒಂದೆರಡು ನಿಮಿಷ ಮೇಲೂ ಇಲ್ಲ, ಕೆಳಗೂ ಇಲ್ಲ. ಆಮೇಲೆ ಮುಂದೆ ಏನೋ ಗಾಢವಾಗುತ್ತದೆ: ತಳ ಕಾಣದ ಆಳದಿಂದ ನೆಟ್ಟಗೆ ಎದ್ದುಬಂದ ಒಂಟಿ ಕಲ್ಲಿನ ಕಂಬ. ನೆತ್ತಿ ಕೆಲವೇ ಮೀಟರ್ ಅಗಲ. ಮೈತುಂಬ ಸ್ಪಂಜು, ಕಪ್ಪು ಹವಳ, ಬೀಸಣಿಗೆ ಹವಳ. ಇದನ್ನೇ ಐ ಆಫ್ ದ ನೀಡಲ್ ಎನ್ನುತ್ತಾರೆ. ಟಾರ್ಚು ಹಾಕಿದಾಗ ಬೂದುಬಣ್ಣದ್ದೆಂದು ಕಂಡ ಸ್ಪಂಜು ಕಿತ್ತಳೆಯಾಗುತ್ತದೆ, ಕಪ್ಪೆಂದುಕೊಂಡದ್ದು ಕಡುಗೆಂಪಾಗುತ್ತದೆ. ಈ ಆಳಕ್ಕೆ ಸೂರ್ಯನ ಕೆಂಪು ಬೆಳಕು ತಲುಪುವುದಿಲ್ಲ, ನೀರು ಅದನ್ನು ಮೊದಲೇ ಹೀರಿಕೊಂಡಿರುತ್ತದೆ.

ಇಂಥ ಶಿಖರಗಳು ಇಲ್ಲಿ ಹಲವು. ದ್ವೀಪ ಕಟ್ಟಿದ ಶಿಲಾಪಾಕವೇ ಪಕ್ಕದಲ್ಲಿ ಸಮುದ್ರದಡಿಯ ಇನ್ನೊಂದು ಗುಡ್ಡವನ್ನೂ ಎಬ್ಬಿಸಿತು. ಅದು ನೀರು ದಾಟಿ ಮೇಲೆ ಬರಲಿಲ್ಲ ಅಷ್ಟೇ. ತೆರೆದ ಸಮುದ್ರದ ಪ್ರವಾಹ ಬಂದು ಗೋಡೆಗೆ ಬಡಿಯುವಲ್ಲಿ ತೇಲುವ ಸೂಕ್ಷ್ಮಜೀವಿಗಳ ಊಟ ಹೇರಳ. ಅದನ್ನು ಸೋಸಿ ತಿನ್ನುವ ಸ್ಪಂಜು, ಅದನ್ನು ಹೆಕ್ಕುವ ಸಣ್ಣ ಮೀನು, ಅವನ್ನು ಹಿಡಿಯುವ ದೊಡ್ಡ ಮೀನು, ಆಚೆ ನೀಲಿಯ ಅಂಚಿನಲ್ಲಿ ಸುತ್ತುವ ಕೆರಿಬಿಯನ್ ರೀಫ್ ಶಾರ್ಕ್. ನಸ್ಸಾವು ಗ್ರೂಪರ್ ಎಂಬ ದಪ್ಪ ತುಟಿಯ ಮೀನು, ಕೆರಿಬಿಯನ್‌ನ ಬಹಳ ಕಡೆ ಬಲೆಗೆ ಸಿಕ್ಕಿ ಅಪರೂಪವಾಗಿರುವುದು, ಇಲ್ಲಿ ಡೈವರನ್ನು ಹಿಂಬಾಲಿಸಿ ಬರುವುದೂ ಉಂಟು.

ಎಲ್ಲವೂ ಇಷ್ಟು ಆಳ ಅಲ್ಲ. ಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗಾದ ಡೈಮಂಡ್ ರಾಕ್ ನೀರಿನಿಂದ ಮೇಲೆದ್ದು ನಿಂತಿದೆ, ಸುತ್ತಿಕೊಂಡು ಇಳಿಯಬಹುದು. ಟೆಂಟ್ ರೀಫ್, ಲ್ಯಾಡರ್ ಲ್ಯಾಬಿರಿಂತ್‌ಗಳಲ್ಲಿ ಲಾವಾ ಏಣುಗಳ ನಡುವಿನ ಮರಳಿನ ಓಣಿಗಳಲ್ಲಿ ನಿಧಾನ ತಿರುಗಬಹುದು. ಹಾಕ್ಸ್‌ಬಿಲ್ ಆಮೆ ಸ್ಪಂಜು ಕಚ್ಚಿ ಕಿತ್ತು ತಿನ್ನುವುದನ್ನು ನೋಡಲು ನನ್ನ ಮಟ್ಟಿಗೆ ಇದೇ ಒಳ್ಳೆಯ ಆಳ. ಮೂವತ್ತು ಮೀಟರ್‌ನಲ್ಲಿ ಗಡಿಯಾರ ಬೆನ್ನಟ್ಟುತ್ತದೆ. ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ಅಲ್ಲಿ ಕಳೆಯಬಹುದಾದ್ದು ಇಪ್ಪತ್ತು ನಿಮಿಷದ ಆಸುಪಾಸು.

ಡೈವ್ ಮುಗಿಸಿ ಬೆಟ್ಟ ಹತ್ತುವ ಮುನ್ನ

ಆ ಇಪ್ಪತ್ತು ನಿಮಿಷದ ಮಿತಿಯ ಹಿಂದೆ ಇರುವುದು ಸಾರಜನಕ. ಮೂವತ್ತು ಮೀಟರ್ ಆಳದಲ್ಲಿ ಮೈಮೇಲೆ ನೆಲದ ಮೇಲಿನದಕ್ಕಿಂತ ನಾಲ್ಕು ಪಟ್ಟು ಒತ್ತಡ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಅಂಗಾಂಶದಲ್ಲೂ ಕರಗುತ್ತದೆ. ನಿಧಾನ ಮೇಲೆ ಬಂದರೆ ಉಸಿರಿನ ಜತೆಗೇ ಹೊರಹೋಗುತ್ತದೆ. ಒತ್ತಡ ಫಕ್ಕನೆ ಇಳಿದರೆ ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಗುಳ್ಳೆ ಏಳುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನ ತನಕ ಏನೂ ಆಗಬಹುದು.

ಬೇರೆ ದ್ವೀಪಗಳಲ್ಲಿ ದಡ ಮುಟ್ಟಿದರೆ ಚಿಂತೆ ಮುಗಿಯಿತು. ಸೇಬಾದಲ್ಲಿ ದಡ ಮುಟ್ಟಿದ ಮೇಲೆ ವ್ಯಾನು ಹತ್ತಿ 400 ಮೀಟರ್ ಮೇಲಕ್ಕೆ ಹೋಗಬೇಕು, ಹೋಟೆಲು ಇರುವುದೇ ಅಲ್ಲಿ. ಗಾಳಿಯ ಒತ್ತಡ ಅಷ್ಟರಲ್ಲಿ ಶೇ 5ರಷ್ಟು ಕಡಿಮೆಯಾಗಿರುತ್ತದೆ. ಶಿಖರದ ಮೇಲೆ ಶೇ 10ರಷ್ಟು. ಡೈವಿಂಗ್ ಪಾಠಗಳು 300 ಮೀಟರ್ ದಾಟಿದರೆ ಎತ್ತರದ ಪ್ರದೇಶವೆಂದೇ ಎಣಿಸುತ್ತವೆ. ಅದಕ್ಕೇ ಇಲ್ಲಿನ ಡೈವ್ ಮಳಿಗೆಗಳು ಆಳ, ಸಮಯ ಎರಡರಲ್ಲೂ ಬಿಗಿ. ಡೈವ್ ಮಾಡಿದ ದಿನ ಮಧ್ಯಾಹ್ನ ಮೌಂಟ್ ಸೀನರಿ ಹತ್ತುತ್ತೇನೆ ಎಂದರೆ ಬೇಡ ಎನ್ನುತ್ತಾರೆ. ಜಾಣರು ಬಂದ ಮೊದಲ ದಿನವೇ ಬೆಟ್ಟ ಹತ್ತಿ ಮುಗಿಸಿರುತ್ತಾರೆ.

ತೇಲುಬುರುಡೆಯ ಲೆಕ್ಕ

ನೀರಿನಡಿ ಇಷ್ಟು ಉಳಿದದ್ದು ದುರ್ಗಮತೆಯಿಂದ ಮಾತ್ರ ಅಲ್ಲ. 1987ರಲ್ಲಿ ಸೇಬಾ ಸಾಗರ ಉದ್ಯಾನ ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರು ಡಚ್ ಸಾಗರ ಜೀವಿವಿಜ್ಞಾನಿ ಟಾಮ್ ವಾನ್ಟ್ ಹಾಫ್. 1979ರಲ್ಲಿ ಬೊನೇರ್ ದ್ವೀಪದ ಸಾಗರ ಉದ್ಯಾನ ಕಟ್ಟಿದ ಅನುಭವ ಅವರಿಗಿತ್ತು. ಎಲ್ಲೋ ಒಂದು ತುಂಡು ಕಡಲನ್ನಲ್ಲ, ಇಡೀ ದ್ವೀಪದ ಸುತ್ತಲನ್ನು, ಉಬ್ಬರದ ಗೆರೆಯಿಂದ 60 ಮೀಟರ್ ಆಳದವರೆಗೆ ಉದ್ಯಾನವೆಂದು ಗುರುತಿಸಿದರು. ಒಳಗೆ ವಲಯಗಳು: ಇಲ್ಲಿ ಮೀನು ಹಿಡಿಯಬಹುದು, ಇಲ್ಲಿ ಡೈವಿಂಗ್ ಮಾತ್ರ, ಇಲ್ಲಿ ಲಂಗರು ಹಾಕಬಹುದು.

ತೇಲುಬುರುಡೆಯ ಮಹಿಮೆ ಇಲ್ಲಿ ತಿಳಿಯುತ್ತದೆ. ಲಂಗರಿಗಿಂತ ಅದರ ಸರಪಳಿ ಕೆಟ್ಟದ್ದು. ದೋಣಿ ಗಾಳಿಗೆ ತಿರುಗಿದಂತೆಲ್ಲ ಸರಪಳಿ ತಳದಲ್ಲಿ ಅರ್ಧಚಂದ್ರ ಗುಡಿಸುತ್ತದೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆಯುವ ಹವಳ ಒಂದು ಮಧ್ಯಾಹ್ನದಲ್ಲಿ ಪುಡಿ. ತಳಕ್ಕೆ ಶಾಶ್ವತವಾಗಿ ಬಿಗಿದ ಗೂಟ, ಅದಕ್ಕೊಂದು ಹಗ್ಗ, ಮೇಲೊಂದು ಬುರುಡೆ ಇಟ್ಟರೆ ಆ ಕಾಟ ತಪ್ಪಿತು. ಒಂದು ಬುರುಡೆಗೆ ಒಂದು ದೋಣಿ ಕಟ್ಟಿದರೆ ಜಾಗ ಭರ್ತಿ, ಗದ್ದಲವೂ ತಪ್ಪಿತು.

ಹಣ ಎಲ್ಲಿಂದ? ಹೊರಗಿನವರು ಸ್ಥಳೀಯ ಮಳಿಗೆಯ ಮೂಲಕವೇ ಡೈವ್ ಮಾಡಬೇಕು, ಪ್ರತಿ ಡೈವಿಗೂ ಕೆಲವು ಡಾಲರ್ ಉದ್ಯಾನದ ಶುಲ್ಕ. ಉದ್ಯಾನ ನೋಡಿಕೊಳ್ಳುವ ಸೇಬಾ ಕನ್ಸರ್ವೇಷನ್ ಫೌಂಡೇಷನ್ ಬಹುಕಾಲ ಮುಖ್ಯವಾಗಿ ಈ ದುಡ್ಡಿನ ಮೇಲೇ ನಡೆದಿದೆ. ಅಚ್ಚುಕಟ್ಟಾದ ಏರ್ಪಾಡು, ಪ್ರವಾಸಿಗ ಬರುವಷ್ಟು ದಿನ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ, ಮರಿಯಾ ಚಂಡಮಾರುತಗಳು ಒಂದರ ಹಿಂದೊಂದು ಬಂದಾಗ, ಆಮೇಲೆ ಕೋವಿಡ್‌ನಲ್ಲಿ ದ್ವೀಪ ಬಾಗಿಲು ಹಾಕಿಕೊಂಡಾಗ, ಇಂಥ ಉದ್ಯಾನಗಳ ಗಲ್ಲಾಪೆಟ್ಟಿಗೆಯ ದುರ್ಬಲತೆ ಎಲ್ಲರಿಗೂ ಕಂಡಿತು.

ಮೋಡದೊಳಗಿನ ಕಾಡು

ಡೈವಿಂಗ್ ಗೊತ್ತಿಲ್ಲದವರಿಗೆ ಬೆಟ್ಟವಿದೆ. ವಿಂಡ್‌ವರ್ಡ್‌ಸೈಡ್‌ನಿಂದ ಶಿಖರಕ್ಕೆ 1,064 ಮೆಟ್ಟಿಲು. ಕೆಳಗೆ ಒಣ ಕುರುಚಲು, ಕಳ್ಳಿ; ನಡುವೆ ಬಾಳೆ, ಮಾವಿನ ಹಳೆಯ ತೋಟಗಳ ಗುರುತು; ಮೇಲೆ ಹೋದಂತೆ ಕೆಸುವಿನ ಜಾತಿಯ ಭಾರಿ ಎಲೆಗಳು, ಮರಜರೀಗಿಡ, ಕೊಂಬೆ ಕಾಣದಂತೆ ಮುಚ್ಚಿದ ಪಾಚಿ. ಒಂದು ಚಾರಣದಲ್ಲಿ ಮೂರು ನಾಲ್ಕು ಬಗೆಯ ಹವಾಮಾನ. ನೆತ್ತಿಯಲ್ಲಿ ಬಹುತೇಕ ಯಾವಾಗಲೂ ಮೋಡ ಕೂತಿರುತ್ತದೆ, ಆದ್ದರಿಂದ ‘ನೋಟ’ ಸಿಗುವ ಖಾತರಿ ಇಲ್ಲ. ಸಿಗುವುದು ತೊಯ್ದ ಅಂಗಿ, ಜತೆಗೆ ಒಂದು ದೂರಸಂಪರ್ಕ ಗೋಪುರ.

ಮೌಂಟನ್ ಮಹಾಗನಿ ಎಂದು ಕರೆಯುವ, ನಿಜವಾದ ಮಹಾಗನಿಗೆ ಸಂಬಂಧವಿಲ್ಲದ ಮರಗಳು ಈ ಮೋಡಗಾಡಿನ ಕಂಬಗಳಾಗಿದ್ದವು. 1998ರ ಜಾರ್ಜಸ್ ಚಂಡಮಾರುತ ಬಹಳಷ್ಟನ್ನು ಕೆಡವಿತು. ಹಾದಿಯಲ್ಲಿ ಸಣ್ಣ ಓತಿಯೊಂದು ಕಾಲಿಗಡ್ಡ ಓಡಿದರೆ ನಿಂತು ನೋಡಬೇಕು: ಗಂಡಿನ ಮೈಮೇಲೆ ಚಿರತೆಯ ಹಾಗೆ ಕಪ್ಪು ಚುಕ್ಕೆ. ಸೇಬಾ ಅನೋಲ್ ಎಂಬ ಇದು ಜಗತ್ತಿನಲ್ಲಿ ಈ 13 ಚದರ ಕಿಲೋಮೀಟರ್ ಬಿಟ್ಟು ಬೇರೆಲ್ಲೂ ಸಹಜವಾಗಿ ಇಲ್ಲ. ಕೆಂಪು ಹೊಟ್ಟೆಯ ರೇಸರ್ ಹಾವು ಇಲ್ಲಿ ಮತ್ತು ಪಕ್ಕದ ಸಿಂಟ್ ಯುಸ್ಟೇಷಿಯಸ್‌ನಲ್ಲಿ ಮಾತ್ರ ಉಳಿದಿದೆ. ಮನುಷ್ಯರಿಗೆ ಅದರಿಂದ ಅಪಾಯವಿಲ್ಲ.

ಆಡು, ಬೆಕ್ಕು, ಬಿಸಿಯಾದ ನೀರು

ಪ್ರವಾಸದ ಕರಪತ್ರಗಳಲ್ಲಿ ಸೇಬಾಕ್ಕೆ ಮನುಷ್ಯ ಮುಟ್ಟದ ಸ್ವರ್ಗ ಎಂಬ ಬಿರುದು ಇರುತ್ತದೆ. ಅದು ಅರ್ಧ ಸುಳ್ಳು. ಬಿಡಾಡಿ ಆಡುಗಳು ಇಳಿಜಾರಿನ ಗಿಡಗಳನ್ನು ಬೋಳಿಸುತ್ತವೆ. ಬೇರಿಲ್ಲದ ಮಣ್ಣು ಮಳೆಗೆ ಜಾರಿ ನೇರ ಹವಳದ ಮೇಲೆ ಕೂರುತ್ತದೆ. ನದಿಯಿಲ್ಲದ ದ್ವೀಪ, ಮಧ್ಯೆ ತಡೆಯಲು ಗದ್ದೆಯಿಲ್ಲ, ಜೌಗಿಲ್ಲ. ಬೆಟ್ಟದಲ್ಲಿ ಆದದ್ದು ಅದೇ ದಿನ ಕಡಲಿಗೆ ತಿಳಿಯುತ್ತದೆ. ಆಡುಗಳನ್ನು ಕಡಿಮೆ ಮಾಡುವ ಕಾರ್ಯಕ್ರಮವನ್ನು ಆಡಳಿತ ನಡೆಸುತ್ತಿದೆ. ಆಡು ಸಾಕುವುದು, ಆಡಿನ ಮಾಂಸ ಬೇಯಿಸುವುದು ಊರಿನ ಹಳೆಯ ರೂಢಿ, ಹಾಗಾಗಿ ಎಲ್ಲರಿಗೂ ಸಂತೋಷವಿಲ್ಲ. ಇನ್ನೊಂದೆಡೆ, ಉದ್ದನೆಯ ಬಿಳಿ ಬಾಲದ, ಕೆಂಪು ಕೊಕ್ಕಿನ ಟ್ರಾಪಿಕ್‌ಬರ್ಡ್ ಹಕ್ಕಿಗಳು ಕಡಲಂಚಿನ ಬಂಡೆಬಿರುಕಿನಲ್ಲಿ ಗೂಡು ಮಾಡುತ್ತವೆ. ಕಾಡು ಬಿದ್ದ ಬೆಕ್ಕುಗಳ ಬಾಯಿಂದ ಅವುಗಳ ಮರಿಗಳನ್ನು ಉಳಿಸುವುದೇ ಕೆಲವು ಕಡೆ ಕಷ್ಟವಾಗಿದೆ.

ನೀರಿನೊಳಗಿನ ಕಷ್ಟ ಇನ್ನೂ ದೊಡ್ಡದು, ದ್ವೀಪದ ಕೈಮೀರಿದ್ದು. ಉದ್ದ ಕಪ್ಪು ಮುಳ್ಳುಗಳ ಡಯಡೆಮಾ ಸೀ ಅರ್ಚಿನ್ ಹವಳದ ಮೇಲಿನ ಪಾಚಿ ಮೇಯ್ದು ಚೊಕ್ಕಟವಾಗಿಡುವ ಪ್ರಾಣಿ. 1983ರಿಂದಾಚೆ ಒಂದು ರೋಗ ಕೆರಿಬಿಯನ್‌ನಾದ್ಯಂತ ಇವುಗಳ ಶೇ 90ಕ್ಕೂ ಹೆಚ್ಚನ್ನು ಕೊಂದಿತು. ಪಾಚಿ ಹಬ್ಬಿತು, ಮರಿಹವಳಕ್ಕೆ ಕೂರಲು ಬರಿಗಲ್ಲೇ ಸಿಗದಾಯಿತು. ನಾಲ್ಕು ದಶಕದಲ್ಲಿ ಅಲ್ಲಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ, ಸೇಬಾದಲ್ಲಿ ಡಚ್ ಸಂಶೋಧಕರು ಇವನ್ನು ಮತ್ತೆ ಹೆಚ್ಚಿಸುವ ಪ್ರಯೋಗದಲ್ಲಿದ್ದಾಗಲೇ, 2022ರಲ್ಲಿ ಮತ್ತೊಂದು ಮಾರಿ ಬಂತು. ಈ ಸಲ ಕಾರಣ ಬೇಗ ಸಿಕ್ಕಿತು: ಒಂದು ಏಕಕೋಶ ಪರಾವಲಂಬಿ ಎಂದು 2023ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಮದ್ದು ಬೇರೆ ಮಾತು. ಅದೇ ವರ್ಷ ಕೆರಿಬಿಯನ್ ನೀರು ದಾಖಲೆ ಮಟ್ಟಕ್ಕೆ ಬಿಸಿಯಾಗಿ ಹವಳಗಳು ತಮ್ಮೊಳಗಿನ ಬಣ್ಣದ ಪಾಚಿಯನ್ನು ಹೊರಹಾಕಿ ಬಿಳಿಚಿಕೊಂಡವು. ತೇಲುಬುರುಡೆ ಲಂಗರನ್ನು ತಡೆಯಬಲ್ಲದು, ಇದನ್ನಲ್ಲ.

ತನ್ನ ಪಾಲಿನದನ್ನು ದ್ವೀಪ ಮಾಡಿಕೊಂಡಿದೆ. ಡೀಸೆಲ್ ಜನರೇಟರನ್ನೇ ನಂಬಿದ್ದ ಊರಿಗೆ ಈಗ ಸೌರ ಫಲಕಗಳಿವೆ. 2019ರಿಂದ ಬಿಸಿಲಿನ ದಿನಗಳಲ್ಲಿ ಗಂಟೆಗಟ್ಟಲೆ ಬರೀ ಸೂರ್ಯನಿಂದಲೇ ವಿದ್ಯುತ್ತು. ಪ್ರತಿ ಮನೆಯ ಮಾಡಿನ ನೀರು ಕೆಳಗಿನ ತೊಟ್ಟಿಗೆ ಇಳಿಯುತ್ತದೆ, ಮಳೆ ಕಂಡರೆ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಆದರೆ ಅಕ್ಕಿ, ಹಾಲು, ಸಿಮೆಂಟು, ಪೆಟ್ರೋಲು ಹಡಗಿನಲ್ಲೇ ಬರಬೇಕು. ಕಡಲು ಕೆರಳಿದರೆ ಅಂಗಡಿಯ ತರಕಾರಿ ಕಪಾಟು ಖಾಲಿ. ಅದಕ್ಕೇ ಬ್ಲ್ಯಾಕ್ ರಾಕ್ಸ್ ಎಂಬಲ್ಲಿ ಹೆಚ್ಚು ಸುರಕ್ಷಿತವಾದ ಹೊಸ ಬಂದರಿನ ಯೋಜನೆ. ಕಲ್ಲು ಸುರಿದು ಕಟ್ಟುವ ಬಂದರಿನ ಕೆಳಗೆ ಹವಳ ಹೋಗುತ್ತದೆ ಎಂಬುದು ನಿಜ. ಬಂದರಿಲ್ಲದೆ ಎರಡು ಸಾವಿರ ಜನ ಪ್ರತಿ ಚಂಡಮಾರುತಕ್ಕೂ ಹೊರಜಗತ್ತಿನಿಂದ ಕಡಿದುಹೋಗುತ್ತಾರೆ ಎಂಬುದೂ ನಿಜ. ವಾರದ ರಜೆಗೆ ಹೋಗುವವರು ಇದರಲ್ಲಿ ತೀರ್ಪು ಕೊಡದಿರುವುದೇ ಲೇಸು.

ಪಕ್ಕದಲ್ಲೇ ಮುಳುಗಿದ ಬಯಲು

ಸೇಬಾದ ನೈಋತ್ಯಕ್ಕೆ ನಾಲ್ಕೈದು ಕಿಲೋಮೀಟರ್ ದಾಟಿದರೆ ಸೇಬಾ ಬ್ಯಾಂಕ್: ಸುಮಾರು 2,200 ಚದರ ಕಿಲೋಮೀಟರಿನ ಸಪಾಟಾದ ಮುಳುಗುಬಯಲು. ದ್ವೀಪಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ದೊಡ್ಡದು, ಆದರೆ ಒಂದಂಗುಲವೂ ನೀರಿನ ಮೇಲಿಲ್ಲ. ಮೀನುಗಾರರ ಜೀವನ ನಡೆಯುವುದು ಇಲ್ಲಿನ ಲಾಬ್ಸ್ಟರ್ ಮತ್ತು ಕೆಂಪು ಸ್ನ್ಯಾಪರ್‌ನಿಂದ. ಹಿಡಿದ ಲಾಬ್ಸ್ಟರ್ ಬಹುಪಾಲು ಸಿಂಟ್ ಮಾರ್ಟನ್ ಹೋಟೆಲುಗಳ ತಟ್ಟೆ ಸೇರುತ್ತದೆ.

ಹಿಂದೆ ಸಿಂಟ್ ಯುಸ್ಟೇಷಿಯಸ್‌ನ ತೈಲ ಕೋಠಿಗೆ ಬರುವ ಟ್ಯಾಂಕರುಗಳು ಸರದಿ ಕಾಯುತ್ತ, ಶುಲ್ಕವಿಲ್ಲದ ಈ ಬಯಲಿನ ಮೇಲೆ ಲಂಗರು ಹಾಕುತ್ತಿದ್ದವು. 2010ರಲ್ಲಿ ನೆದರ್ಲೆಂಡ್ಸ್ ಇದನ್ನು ರಾಷ್ಟ್ರೀಯ ಉದ್ಯಾನವಾಗಿಸಿತು. 2012ರಲ್ಲಿ ಅಂತರರಾಷ್ಟ್ರೀಯ ಸಾಗರ ಸಂಘಟನೆ ಅತಿಸೂಕ್ಷ್ಮ ಕಡಲಪ್ರದೇಶವೆಂದು ಗುರುತಿಸಿ ಲಂಗರು ನಿಷೇಧಿಸಿತು. 2015ರಲ್ಲಿ ತಿಮಿಂಗಿಲ, ಡಾಲ್ಫಿನ್, ಶಾರ್ಕ್‌ಗಳಿಗೆಂದು ಯಾರಾರಿ ಎಂಬ ಅಭಯಧಾಮವೂ ಘೋಷಣೆಯಾಯಿತು. ಪ್ರವಾಸಿಗರು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ.

ಹೋಗುವುದಾದರೆ

ಮರಳಿನ ಮೇಲೆ ಮಲಗುವುದೇ ರಜೆ ಎನ್ನುವವರು ಸೇಬಾಕ್ಕೆ ಹೋಗಬಾರದು. ವೆಲ್ಸ್ ಬೇ ಎಂಬಲ್ಲಿ ಬೇಸಿಗೆಗೆ ಮರಳು ಬರುತ್ತದೆ, ಚಳಿಗಾಲದ ಉತ್ತರದ ಅಲೆಗಳು ಅದನ್ನು ಎಳೆದೊಯ್ಯುತ್ತವೆ, ಉಳಿಯುವುದು ಗುಂಡುಕಲ್ಲು. ಮಂಡಿನೋವಿನವರಿಗೂ ಕಷ್ಟ. ರಾತ್ರಿಯ ಮೋಜು ಎಂದರೆ ಒಂದೆರಡು ಬಾರು, ಮನೆಯಲ್ಲೇ ತಯಾರಿಸಿದ ಸೇಬಾ ಸ್ಪೈಸ್ ಎಂಬ ಮಸಾಲೆ ರಮ್, ಪಕ್ಕದ ಮೇಜಿನಲ್ಲಿ ಪರೀಕ್ಷೆಯ ಆತಂಕದ ವಿದ್ಯಾರ್ಥಿಗಳು. ದಿ ಬಾಟಮ್‌ನಲ್ಲಿ ಅಮೆರಿಕ, ಕೆನಡಾದವರು ಬಂದು ಓದುವ ವೈದ್ಯಕೀಯ ಕಾಲೇಜಿದೆ.

ಭಾರತದಿಂದ ದಾರಿ ಉದ್ದ: ಆಮ್‌ಸ್ಟರ್‌ಡ್ಯಾಮ್ ಅಥವಾ ಪ್ಯಾರಿಸ್ ಮೂಲಕ ಸಿಂಟ್ ಮಾರ್ಟನ್, ಅಲ್ಲಿಂದ ಸಣ್ಣ ವಿಮಾನ ಇಲ್ಲವೇ ಒಂದೂವರೆ ಗಂಟೆಯ ಫೆರಿ. ಕಡಲು ಒರಟಾಗಿದ್ದರೆ ಫೆರಿ ಹೊಟ್ಟೆಯನ್ನು ಪರೀಕ್ಷಿಸುತ್ತದೆ. ದ್ವೀಪ ಡಚ್ಚರದಾದರೂ ಷೆಂಗೆನ್ ವಲಯಕ್ಕೆ ಸೇರಿಲ್ಲ, ವೀಸಾದ ನಿಯಮವನ್ನು ಡಚ್ ರಾಯಭಾರ ಕಚೇರಿಯಿಂದ ಮೊದಲೇ ಕೇಳಿಕೊಳ್ಳಬೇಕು. ಹಿಂದಿರುಗುವ ವಿಮಾನಕ್ಕೂ ಕೊನೆಯ ಡೈವಿಗೂ ನಡುವೆ ಒಂದು ಪೂರ್ತಿ ದಿನ ಬಿಡುವುದು ಕ್ಷೇಮ, ಕಾರಣ ಅದೇ ಸಾರಜನಕ.

ಕಲಿಯುವ ಚಟ ಇರುವವರಿಗೆ ಅಕ್ಟೋಬರ್ ಒಳ್ಳೆಯ ತಿಂಗಳು. 2003ರಿಂದ ನಡೆಯುತ್ತಿರುವ ಸೀ ಅಂಡ್ ಲರ್ನ್ ಕಾರ್ಯಕ್ರಮಕ್ಕೆ ಬೇರೆ ಬೇರೆ ದೇಶದ ವಿಜ್ಞಾನಿಗಳು ಬರುತ್ತಾರೆ. ಸಂಜೆ ಶಾರ್ಕ್, ಬಾವಲಿ, ಹವಳ ಎಂದು ಮಾತಾಡುತ್ತಾರೆ; ಹಗಲು ಜನರನ್ನೇ ಕರೆದುಕೊಂಡು ಹೋಗಿ ಎಣಿಕೆಗೆ, ಅಳತೆಗೆ ಹಚ್ಚುತ್ತಾರೆ. ಆದರೆ ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ, ಅಕ್ಟೋಬರ್ ಅದರೊಳಗೇ ಬರುತ್ತದೆ. ಟಿಕೆಟ್ ಕೊಳ್ಳುವ ಮುಂಚೆ ವಿಮೆಯ ಸಣ್ಣಕ್ಷರಗಳನ್ನು ಓದಿಕೊಳ್ಳಿ.